ಇಂಗ್ಲಿಷ್ ವ್ಯಾಕರಣಕ್ಕೆ ಕೃದಂತದ ದಾರಿ

ಜೆರಂಡ್, ಪಾರ್ಟಿಸಿಪಲ್, ಇನ್‌ಫಿನಿಟಿವ್ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಕನ್ನಡ ಮಾಧ್ಯಮದ ಮಗುವಿನ ಮುಖ ಬಾಡುವುದುಂಟು. ಲಕ್ಷಣಗಳನ್ನು ಕಂಠಪಾಠ ಮಾಡಿಸುವುದೇ ಇದಕ್ಕೆ ಕಾರಣ. ವಸ್ತುತಃ ಇವು ಆ ಮಗುವಿಗೆ ಅಪರಿಚಿತವಲ್ಲ. ಧಾತುವಿನಿಂದ ಹುಟ್ಟಿಯೂ ತಾವೇ ವಾಕ್ಯವನ್ನು ಮುಗಿಸಲಾರದ ಇಂತಹ ರೂಪಗಳನ್ನು ಕನ್ನಡ ವ್ಯಾಕರಣವು ಕೃದಂತಗಳೆಂದು ಕರೆಯುತ್ತದೆ.

ಗೊರಗುಂಟೆಪಾಳ್ಯದಿಂದ ಪೀಣ್ಯ ಕೈಗಾರಿಕಾ ಪ್ರದೇಶದತ್ತ ನಡೆದವರಿಗೆ ‘ವೆಲ್ಡಿಂಗ್’ ಎಂಬುದು ದಿನನಿತ್ಯದ ಮಾತು. ಅದು ಕೆಲಸದ ಹೆಸರು. ‘ಬೆಸೆಯುವಿಕೆ’ ಎಂಬ ಕೃದಂತ ಭಾವನಾಮದಂತೆ. ಅದೇ ಜೆರಂಡ್. ‘ರನ್ನಿಂಗ್ ವಾಟರ್’ ಎಂದಾಗಲಾದರೋ ಅದೇ ‘ಇಂಗ್’ ರೂಪವು ‘ಹರಿಯುವ’ ಎಂಬಂತೆ ನೀರಿಗೆ ವಿಶೇಷಣವಾಗುತ್ತದೆ, ಅದು ಪಾರ್ಟಿಸಿಪಲ್. ‘ಟು ರೀಡ್’ ಎಂಬ ಇನ್‌ಫಿನಿಟಿವ್ ಅನೇಕ ಕಡೆ ‘ಓದಲು’ ಎಂಬ ಕೃದಂತಾವ್ಯಯಕ್ಕೆ ಸಮಾನ. ಇಂಗ್ಲಿಷ್ ಒಂದೇ ರೂಪದಿಂದ ಮಾಡಿಸುವ ಎರಡು ಕೆಲಸಗಳಿಗೆ ಕನ್ನಡವು ಬೇರೆ ಬೇರೆ ರೂಪಗಳನ್ನು ಇಟ್ಟುಕೊಂಡಿದೆ.

ಕಿಟ್ಟೆಲ್ಲರು 1903ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲಿ ನಮ್ಮ ಕೃದಂತಗಳನ್ನು ಪಾರ್ಟಿಸಿಪಲ್, ಇನ್‌ಫಿನಿಟಿವ್ ಎಂಬ ಹೆಸರುಗಳಿಂದಲೇ ವಿವರಿಸಿದರು. ಆ ಸೇತುವೆಯನ್ನು ನಮ್ಮ ಮಗು ಈ ದಡದಿಂದ ದಾಟಬಾರದೇಕೆ?

ಹೋಲಿಕೆಗೆ ಮಿತಿಯೂ ಉಂಟು. ‘ಎಂಜಾಯ್’ ಎಂಬುದರ ಮುಂದೆ ‘ರೀಡಿಂಗ್’, ‘ವಾಂಟ್’ ಎಂಬುದರ ಮುಂದೆ ‘ಟು ರೀಡ್’ ಎಂಬ ಕಟ್ಟನ್ನು ಕನ್ನಡ ಹೇಳಿಕೊಡಲಾರದು. ಅದು ಓದಿನಿಂದ, ಬಳಕೆಯಿಂದಲೇ ಬರಬೇಕು.

ಆದುದರಿಂದ ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರು ಈ ಒಂದು ಪಾಠವನ್ನಾದರೂ ಕೂಡಿ ಸಿದ್ಧಪಡಿಸಲಿ. ಗ್ರಂಥಾಲಯಕ್ಕೆ ಇಂಗ್ಲಿಷ್ ವ್ಯಾಕರಣವನ್ನು ಕೊಡಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಅದರ ಪಕ್ಕದಲ್ಲಿ ಕನ್ನಡ ವ್ಯಾಕರಣವೊಂದನ್ನು ಇರಿಸಲಿ. ತಾಯ್ನುಡಿಯನ್ನು ಹೊರಗೆ ನಿಲ್ಲಿಸಿ ಕಲಿಸಿದ ಇಂಗ್ಲಿಷ್ ಪರೀಕ್ಷೆಯ ದಿನದಾಚೆಗೆ ಉಳಿಯುವುದು ಕಷ್ಟ.