ವೈಮಾನಿಕರ ನಿಕಟಯುದ್ಧಾಭ್ಯಾಸ

ಕ್ಷಿಪಣಿಗಳು ನೂರು ಕಿಲೋಮೀಟರುಗಳಾಚೆಗೂ ಶತ್ರುವನ್ನು ಅರಸಿ ಹೋಗುವ ಈ ಕಾಲದಲ್ಲಿ, ಯುದ್ಧವಿಮಾನದ ವೈಮಾನಿಕರಿಗೆ ಕಣ್ಣಳವಿಯೊಳಗಿನ ಕಾಳಗವನ್ನು ಕಲಿಸುವುದು ಧನವ್ಯಯಕ್ಕೂ ಪ್ರಾಣಾಪಾಯಕ್ಕೂ ಮಾತ್ರ ದಾರಿಯೆಂದು ವಾದಿಸುವವರುಂಟು. ಬಂದೂಕು ಬಂದ ಮೇಲೆ ಕತ್ತಿವರಸೆ ಏತಕ್ಕೆಂಬುದು ಇವರ ಪ್ರಶ್ನೆ. ಇದು ಮೇಲ್ನೋಟಕ್ಕೆ ಯುಕ್ತವಾಗಿಯೇ ಕಾಣುತ್ತದೆ. ಆದರೆ ಹಿಂದೊಮ್ಮೆ ಇದೇ ವಾದವನ್ನು ನಂಬಿ ಬೆಲೆತೆತ್ತ ರಾಷ್ಟ್ರವೊಂದುಂಟೆಂಬುದನ್ನು ವಾಚಕರ ಅವಗಾಹನೆಗೆ ತರಲಿಚ್ಛಿಸುತ್ತೇವೆ.

ಅಮೆರಿಕಾದವರು ಫ್ಯಾಂಟಮ್ ವಿಮಾನವನ್ನು ನಿರ್ಮಿಸಿದಾಗ, ಮುಂದಿನ ಯುದ್ಧವೆಲ್ಲವೂ ಕ್ಷಿಪಣಿಗಳದೇ ಎಂದು ಬಗೆದು, ಮೊದಲು ಅದರಲ್ಲಿ ಫಿರಂಗಿಯನ್ನೇ ಇಡಲಿಲ್ಲ. ನಿಕಟಯುದ್ಧದ ಶಿಕ್ಷಣವೂ ಕ್ಷೀಣಿಸಿತು. ವಿಯೆಟ್ನಾಮಿನ ಆಕಾಶದಲ್ಲಾದರೋ ಕ್ಷಿಪಣಿಗಳು ಬಹುಪಾಲು ಗುರಿತಪ್ಪಿದುವು. ಎದುರಿನ ವಿಮಾನವು ಸ್ವಪಕ್ಷದ್ದೋ ಪರಪಕ್ಷದ್ದೋ ಎಂಬುದನ್ನು ಕಣ್ಣಾರೆ ಕಂಡಲ್ಲದೆ ಅಸ್ತ್ರವನ್ನು ಪ್ರಯೋಗಿಸಕೂಡದೆಂಬ ನಿಬಂಧನೆಯೂ ಅನೇಕ ವೇಳೆ ಇದ್ದುದರಿಂದ, ದೂರದ ಅಸ್ತ್ರವುಳ್ಳವರೇ ಸಮೀಪಕ್ಕೆ ಹೋಗಬೇಕಾಯಿತು. ಅಲ್ಲಿ ಹಳೆಯ ಮಿಗ್-17 ವಿಮಾನಗಳು ಥಟ್ಟನೆ ತಿರುಗಿ ಅವರ ಬೆನ್ನುಹತ್ತಿದುವು. 1968ರಲ್ಲಿ ನೌಕಾದಳದ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬವರು ವಿಚಾರಣೆ ನಡೆಸಿ ವರದಿಯನ್ನೊಪ್ಪಿಸಿದರು. 1969ರ ಮಾರ್ಚಿಯಲ್ಲಿ ಮಿರಾಮಾರಿನಲ್ಲಿ ‘ಟಾಪ್‌ಗನ್’ ಎಂದು ಹೆಸರಾದ ಶಾಲೆಯು ಆರಂಭವಾಯಿತು. ಅಲ್ಲಿ ಗುರುಗಳೇ ಶತ್ರುವಿನ ರೀತಿಯಲ್ಲಿ ಹಾರಿ, ಶಿಷ್ಯರನ್ನು ಸೋಲಿಸಿ ಸೋಲಿಸಿ ಕಲಿಸಿದರು. ಮೊದಲು ತಮ್ಮದೊಂದು ವಿಮಾನಕ್ಕೆ ಶತ್ರುವಿನ ಎರಡು ಮೂರನ್ನು ಮಾತ್ರ ಉರುಳಿಸುತ್ತಿದ್ದ ನೌಕಾದಳವು 1972ರಲ್ಲಿ ಸುಮಾರು ಹನ್ನೆರಡನ್ನು ಉರುಳಿಸಿತು. ವಿಮಾನವು ಅದೇ ಫ್ಯಾಂಟಮ್. ಮುಖ್ಯವಾಗಿ ಬದಲಾದದ್ದು ಶಿಕ್ಷಣ.

ನಮ್ಮ ಅನುಭವವೂ ಇದಕ್ಕೆ ವಿರುದ್ಧವಾದುದಲ್ಲ. 1971ರ ನವೆಂಬರ್ 22ರಂದು ಬೊಯ್ರಾದಲ್ಲಿ ನಮ್ಮ ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರುಗಳನ್ನು ಫಿರಂಗಿಯಿಂದಲೇ ಹೊಡೆದುರುಳಿಸಿದುವು. ಆ ಪುಟ್ಟ ವಿಮಾನವನ್ನು ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

2025ರ ಮೇ ತಿಂಗಳ ಸಂಘರ್ಷದಲ್ಲಿ ಉಭಯಪಕ್ಷದ ವಿಮಾನಗಳೂ ಬಹುದೂರದಿಂದಲೇ ಅಸ್ತ್ರಗಳನ್ನು ಪ್ರಯೋಗಿಸಿದುವೆಂದು ವರದಿಯಾದುದನ್ನು ನಾವು ಮರೆತಿಲ್ಲ. ಆದರೆ ಬೆನ್ನಟ್ಟಿ ಬರುವ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಬೇಕಾದವನೂ ವಿಮಾನವನ್ನು ಅದರ ಶಕ್ತಿಯ ಕಟ್ಟಕಡೆಯವರೆಗೆ ತಿರುಗಿಸಲು ಬಲ್ಲವನಾಗಿರಬೇಕು. ಅಂತಹ ತಿರುವಿನಲ್ಲಿ ಶರೀರವು ತನ್ನ ತೂಕದ ಎಂಟು ಮಡಿ ಭಾರವಾಗಿ, ಕಣ್ಣು ಕತ್ತಲಿಡುತ್ತದೆ. ಆಗಲೂ ಧೃತಿಗೆಡದಿರುವುದು ಪುಸ್ತಕದಿಂದ ಬರತಕ್ಕ ವಿದ್ಯೆಯಲ್ಲ. ನೆಲದ ಮೇಲಿನ ಅನುಕರಣ ಯಂತ್ರವು ಉಪಯುಕ್ತವೇ ಸರಿ. ಆದರೆ ಆ ಭಾರವನ್ನೂ ಆ ಭಯವನ್ನೂ ಅದು ಪೂರ್ತಿಯಾಗಿ ಕೊಡಲಾರದು.

ಈ ಅಭ್ಯಾಸವು ನಿರಪಾಯವೆಂದು ನಾವು ಹೇಳುವುದಿಲ್ಲ. ಯುದ್ಧವಿಮಾನಗಳ ಯಾವ ಶಿಕ್ಷಣವೂ ನಿರಪಾಯವಲ್ಲ. 2023ರ ಜನವರಿ 28ರಂದು ಗ್ವಾಲಿಯರಿನಿಂದ ತರಬೇತಿಗಾಗಿ ಹೊರಟ ಸುಖೋಯ್ ಮತ್ತು ಮಿರಾಜ್ ವಿಮಾನಗಳೆರಡೂ ನಾಶವಾಗಿ, ಬೆಳಗಾವಿಯ ವೈಮಾನಿಕರೊಬ್ಬರು ಪ್ರಾಣವನ್ನೊಪ್ಪಿಸಿದರು. ಆ ಮನೆಯವರ ದುಃಖದ ಮುಂದೆ ಲೇಖನಿ ನಿಲ್ಲುತ್ತದೆ. ಹಾಗೆಂದು ಶಿಕ್ಷಣವನ್ನು ಮೊಟಕು ಮಾಡಿದರೆ, ಇಂದು ಉಳಿಸಿದೆವೆಂದುಕೊಂಡ ಪ್ರಾಣಗಳನ್ನು ನಾಳೆ ರಣರಂಗದಲ್ಲಿ ಹಲವು ಮಡಿಯಾಗಿ ತೆರಬೇಕಾದೀತು. ಸುರಕ್ಷತೆಯ ಕ್ರಮಗಳನ್ನು ಬಿಗಿಗೊಳಿಸಲಿ. ಹಾರಾಟದ ಗಂಟೆಗಳನ್ನು ಮಾತ್ರ ಕಡಿಮೆ ಮಾಡದಿರಲಿ. ಕೋಟ್ಯಂತರ ರೂಪಾಯಿಯ ವಿಮಾನವನ್ನು ಕೊಂಡು, ಅದರೊಳಗೆ ಕುಳಿತವನ ವಿದ್ಯೆಯಲ್ಲಿ ಜಿಪುಣತನ ತೋರುವುದು ಮಿತವ್ಯಯವಲ್ಲ. ಅಧಿಕಾರಿವರ್ಗದವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳುವರೆಂದು ನಂಬುತ್ತೇವೆ.