ಒಣಗಿದ ಬಳ್ಳಿಯನ್ನು ಕೀಳುವ ಅವಸರ

ಮಹಾಲಯ ಅಮಾವಾಸ್ಯೆ ಸಮೀಪಿಸಿತೆಂದರೆ ತಿರುಮಕೂಡಲು ನರಸೀಪುರದ ಬೀದಿಗಳಲ್ಲಿಯೂ, ಕಪಿಲೆಯ ಮೇಲುದಿಕ್ಕಿನ ನಂಜನಗೂಡಿನಲ್ಲಿಯೂ, ಅಟ್ಟದಿಂದ ಗೊಂಬೆಯ ಪೆಟ್ಟಿಗೆಗಳನ್ನು ಇಳಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಹಿತ್ತಾಳೆಯ ದೀಪಗಳನ್ನು ಹುಣಿಸೆಹಣ್ಣು ಹಾಕಿ ಬೆಳಗುವುದು ಮೊದಲಾದ ಕಾರ್ಯಗಳು ಪರಂಪರಾನುಗತವಾಗಿ ಆರಂಭವಾಗುತ್ತವೆ. ಆದರೆ ಈಚಿನ ವರ್ಷಗಳಲ್ಲಿ ಈ ಶುಚೀಕರಣದ ಉತ್ಸಾಹವು ಹೊಸ್ತಿಲನ್ನು ದಾಟಿ ಹಿತ್ತಿಲಿಗೂ ನುಗ್ಗಿ, ಅಲ್ಲಿ ಮಳೆಗಾಲವೆಲ್ಲ ಹಬ್ಬಿ ಹೂತು ಕಾತು ಈಗ ತಾನೇ ಹಳದಿಗೆ ತಿರುಗುತ್ತಿರುವ ಹೀರೆ, ಪಡವಲ, ಸೋರೆಗಳ ಬಳ್ಳಿಯನ್ನು ಬೇರುಸಹಿತ ಕಿತ್ತು ಬೆಂಕಿಗೊಡ್ಡಿ, ಬರಿದಾದ ಆ ನೆಲಕ್ಕೆ ಸಿಮೆಂಟು ಬಳಿದು, ಅದರ ಮೇಲೊಂದು ಬಟ್ಟೆ ಒಗೆಯುವ ಯಂತ್ರವನ್ನು ಪ್ರತಿಷ್ಠಾಪಿಸಿದ ಮೇಲೆಯೇ ತೃಪ್ತಿಹೊಂದುತ್ತದೆ. ಈ ತೃಪ್ತಿಯು ಅವಿಚಾರದ್ದೆಂದೂ, ಹಿತ್ತಿಲು ಬಾಡುವ ಕಾಲವೇ ಗೃಹಜೀವನದ ಅತ್ಯಂತ ಫಲವತ್ತಾದ ಕಾಲವೆಂದೂ ನನ್ನ ಅಭಿಪ್ರಾಯ.

ಶರದೃತುವೆಂದೊಡನೆ ವಿದೇಶದ ಕ್ಯಾಲೆಂಡರುಗಳಲ್ಲಿ ಅಚ್ಚಾದ, ಕೆಂಪಡರಿದ ಮೇಪಲ್ ಎಲೆಗಳ ಚಿತ್ರವನ್ನು ನೆನೆಯುವುದು ನಮ್ಮ ವಿದ್ಯಾವಂತರಿಗೆ ಅಭ್ಯಾಸವಾಗಿಬಿಟ್ಟಿದೆ. ನಮ್ಮ ಸೀಮೆಯಲ್ಲಿ ಎಲೆಯುದುರುವುದು ಶಿಶಿರದಲ್ಲಿ, ಆಶ್ವಯುಜ ಕಾರ್ತಿಕಗಳಲ್ಲಲ್ಲ. ಸಂಸ್ಕೃತ ಕವಿಗಳು ವರ್ಣಿಸಿದ ನಿರ್ಮಲವಾದ ಶರದಾಕಾಶವೂ ನಮಗೆ ಪೂರ್ತಿಯಾಗಿ ದಕ್ಕುವುದಿಲ್ಲ. ಏಕೆಂದರೆ ಚಿತ್ತೆ ಸ್ವಾತಿಗಳ ಮಳೆಯು ಮೈಸೂರು ಸೀಮೆಗೆ ಹೇರಳವಾಗಿ ಬೀಳುವುದು ಅಕ್ಟೋಬರ್ ತಿಂಗಳಿನಲ್ಲಿಯೇ, ಮತ್ತು ತುಲಾಮಾಸದ ಸ್ನಾನಕ್ಕೆಂದು ನರಸೀಪುರದ ಸಂಗಮಕ್ಕೆ ಬಂದವರು ಒಂದು ದಿನ ತಿಳಿನೀರನ್ನೂ ಮರುದಿನ ಕೆನ್ನೀರನ್ನೂ ಕಾಣುವುದುಂಟು. ಆದುದರಿಂದ ಇಲ್ಲಿನ ಬಾಡುವಿಕೆಯ ರೀತಿಯೇ ಬೇರೆ. ಗೌರಿಹಬ್ಬಕ್ಕೆ ಮೈತುಂಬ ಹೂತಿದ್ದ ಕರ್ಣಕುಂಡಲವು ಕಡ್ಡಿಯಾಗುವ ಹೊತ್ತಿಗೆ ಚೆಂಡುಹೂ ಅರಳುತ್ತದೆ. ಹೀರೆಯ ಚಪ್ಪರ ಸೊರಗುವಾಗ ಅದರ ಬುಡದಲ್ಲಿಯೇ ಅವರೆಯ ಬಳ್ಳಿ ಚಿಗುರಿ ಹಬ್ಬುತ್ತಿರುತ್ತದೆ. ಪಾರಿಜಾತವಂತೂ ಎಲ್ಲ ಗಿಡಗಳೂ ದಣಿದಿರುವ ಈ ದಿನಗಳಲ್ಲಿಯೇ ಬೆಳಗಿನ ನೆಲವನ್ನು ಬಿಳಿ ಕೇಸರಿಗಳಿಂದ ತುಂಬುತ್ತದೆ. ಜೆಕ್ ಲೇಖಕನಾದ ಕಾರೆಲ್ ಚಾಪೆಕನು ತೋಟಗಾರನ ವರ್ಷವನ್ನು ಕುರಿತು 1929ರಲ್ಲಿ ಪ್ರಕಟಿಸಿದ ವಿನೋದಪೂರ್ಣ ಗ್ರಂಥದಲ್ಲಿ, ಬರಲಿರುವ ವಸಂತವು ಶರತ್ಕಾಲದ ನೆಲದೊಳಗೆ ಆಗಲೇ ಸಿದ್ಧವಾಗುತ್ತಿರುತ್ತದೆಂದು ಪ್ರತಿಪಾದಿಸಿದ್ದಾನೆ. ಹಿಮ ಬೀಳುವ ದೇಶದಲ್ಲಿ ಕುಳಿತು ಆತನು ಕಲ್ಪನೆಯಿಂದ ಕಂಡುಕೊಳ್ಳಬೇಕಾದದ್ದು ನಮ್ಮ ಹಿತ್ತಿಲಿನಲ್ಲಿ ಪ್ರತ್ಯಕ್ಷವಾಗಿ ಕಾಣುತ್ತದೆ.

ಒಣಗಿದ ಗಿಡವು ಸತ್ತ ಗಿಡವಲ್ಲವೆಂಬುದನ್ನು ತಿಳಿಯಲು ಕರ್ಣಕುಂಡಲದ ಒಂದು ಕಾಯಿಯನ್ನು ಎರಡು ಬೆರಳುಗಳ ನಡುವೆ ಮೆಲ್ಲನೆ ಒತ್ತಿನೋಡಿದರೆ ಸಾಕು. ಅದುವರೆಗೆ ಸೌಮ್ಯವಾಗಿ ಜೋಲುತ್ತಿದ್ದ, ನವಿರಾದ ರೋಮಗಳ ಆ ಕಾಯಿ ತಟ್ಟನೆ ಸಿಡಿದು, ಅದರ ಐದು ಸಿಪ್ಪೆಗಳೂ ಸುರುಳಿ ಸುತ್ತಿಕೊಂಡು, ಕಂದುಬಣ್ಣದ ಬೀಜಗಳು ಅಂಗೈಗೂ ಸಿಕ್ಕದೆ ತುಳಸಿಕಟ್ಟೆಯಾಚೆ ಹಾರಿಬೀಳುತ್ತವೆ. ಕನಕಾಂಬರದ್ದು ಇನ್ನೂ ಸ್ವಾರಸ್ಯ: ಒಣಗಿದ ತೆನೆಗೆ ಮಳೆಯ ಹನಿ ಸೋಕಿತೋ, ಚಟಪಟನೆ ಸದ್ದುಮಾಡುತ್ತ ತಾನೇ ಒಡೆದುಕೊಳ್ಳುತ್ತದೆ, ಸ್ವಾತಿ ಮಳೆಯ ಮೊದಲ ಹನಿಗಳು ಬೀಳುವಾಗ ಹಿತ್ತಿಲ ಬಾಗಿಲಿನಲ್ಲಿ ನಿಂತವರಿಗೆ ಇದು ಕಿವಿಗೆ ಕೇಳಿಸುತ್ತದೆ. ತುಪ್ಪದ ಹೀರೆಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟರೆ ಅದರ ತುದಿಯ ಮುಚ್ಚಳ ಉದುರಿ, ಅಲುಗಿಸಿದೊಡನೆ ಕಪ್ಪುಬೀಜಗಳು ಸುರಿಯುತ್ತವೆ; ಮೇಲಿನ ಸಿಪ್ಪೆಯನ್ನು ಸುಲಿದರೆ ಒಳಗಿನ ನಾರಿನ ಜಾಲವು ವರ್ಷವೆಲ್ಲ ಬೆನ್ನುಜ್ಜಲು ಒದಗುತ್ತದೆ. ಬಲಿತ ಸೋರೆಯು ಬುರುಡೆಯಾಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ಅದನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತ ತಲೆಮಾರೊಂದು ಇನ್ನೂ ನಮ್ಮೊಡನಿದೆ. ಬೀಜಗಳನ್ನು ಬೂದಿಯಲ್ಲಿ ಕಲಸಿ ಮಡಕೆಯಲ್ಲಿಡುವುದು, ಕುಂಬಳ ಸೋರೆಗಳ ಬೀಜವನ್ನು ಸಗಣಿಗೆ ಒತ್ತಿ ಗೋಡೆಗೆ ತಟ್ಟುವುದು, ಇವೆಲ್ಲ ಹುಳುವನ್ನು ದೂರವಿಡುವ ಉಪಾಯಗಳು, ಮತ್ತು ಇವೆಲ್ಲಕ್ಕೂ ಶರತ್ಕಾಲವೇ ಸಮಯ. ಈ ವ್ಯವಹಾರದ ಮಾತುಕತೆಯೂ ಬಹಳ ಸರಳ. "ಅಕ್ಕಾ, ತುಪ್ಪದ ಹೀರೆ ಬೀಜ ಒಂದೆರಡು ಇದ್ರೆ ಕೊಡಿ" ಎಂದು ಬೇಲಿಯಾಚೆಯಿಂದ ಒಬ್ಬಳು ಕೇಳಿದರೆ, "ಬಳ್ಳೀಲೇ ಒಣಗ್ಲಿ ಅಂತ ಬಿಟ್ಟಿದೀನಿ ಕಣವ್ವ, ದೀವಳ್ಗೆ ಕಳೀಲಿ, ಬಂದು ತಕ್ಕೊಂಡೋಗು" ಎಂಬ ಉತ್ತರ ಬರುತ್ತದೆ. ಹಣದ ಮಾತೇ ಇಲ್ಲದ ಈ ವಿನಿಮಯದಿಂದಲೇ ಒಂದು ಬೀದಿಯ ತರಕಾರಿಯ ತಳಿಗಳು ತಲೆಮಾರುಗಳ ಕಾಲ ಉಳಿದುಬಂದವು. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತಷ್ಟೆ. ಅಂತಹ ವರ್ಷದಲ್ಲಿ ತಗ್ಗಿನ ಮನೆಯವರಿಗೆ ತಮ್ಮದೇ ಹಿತ್ತಿಲಿನ ತಳಿ ಮತ್ತೆ ದೊರೆಯಬೇಕಾದರೆ ಎತ್ತರದ ಬೀದಿಯ ಮತ್ತೊಂದು ಹಿತ್ತಿಲಲ್ಲದೆ ಬೇರೆ ಗತಿಯಿಲ್ಲ.

ತಳಿ ಕಳೆದುಕೊಳ್ಳುವುದೆಂದರೇನು ಎಂಬುದನ್ನು ನಂಜನಗೂಡಿನವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ನಂಜನಗೂಡು ರಸಬಾಳೆಗೂ, ಮೈಸೂರು ಮಲ್ಲಿಗೆಗೂ, ಮೈಸೂರು ವೀಳ್ಯದೆಲೆಗೂ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಮನ್ನಣೆಯ ಪತ್ರ ಬರುವಷ್ಟರಲ್ಲಿ ಪನಾಮಾ ಸೊರಗು ರೋಗವು ರಸಬಾಳೆಯ ತೋಟಗಳನ್ನು ಬಹುಮಟ್ಟಿಗೆ ಬರಿದುಮಾಡಿತ್ತು. ಆ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲುದು. ರೋಗ ತಗುಲಿದ ಬುಡದಿಂದ ತೆಗೆದ ಕಂದನ್ನು ನೆಟ್ಟಲ್ಲೆಲ್ಲ ರೋಗವೂ ಜೊತೆಯಲ್ಲಿಯೇ ಹೋಗುತ್ತದೆ. ಹೀಗಿರುವಾಗ ರೋಗ ಸೋಕದ ನೆಲದಲ್ಲಿ, ಬಚ್ಚಲ ನೀರು ಹರಿಯುವ ಮೂಲೆಯಲ್ಲಿ, ಯಾರ ಗಮನಕ್ಕೂ ಬಾರದೆ ನಿಂತ ಒಂದು ಬಾಳೆಯ ಗುಂಪಿಗೆ ಎಷ್ಟು ಬೆಲೆಯೆಂಬುದನ್ನು ಓದುಗರೇ ಊಹಿಸಬಹುದು. ಅದನ್ನು ಸಿಮೆಂಟಿನಡಿ ಹೂತುಬಿಟ್ಟ ಮೇಲೆ ಆ ಹಣ್ಣಿನ ಸುವಾಸನೆಯನ್ನು ಕುರಿತು ಸಭೆಗಳಲ್ಲಿ ಭಾಷಣ ಮಾಡುವುದು ವ್ಯರ್ಥ.

ಇನ್ನು ಮನೆಯೊಳಗಿನ ಕರಕೌಶಲದ ವಿಷಯ. ನಮ್ಮ ನರಸೀಪುರ ತಾಲ್ಲೂಕಿನಲ್ಲಿ ಕಲೆಯೆಂದರೆ ಎಲ್ಲರ ದೃಷ್ಟಿಯೂ ಸೋಮನಾಥಪುರದ ಕಡೆಗೆ ಹರಿಯುತ್ತದೆ. ಅದು ಸಹಜವೂ ನ್ಯಾಯವೂ ಆಗಿದೆ. 2023ರಲ್ಲಿ ಅಲ್ಲಿನ ಹೊಯ್ಸಳ ದೇವಾಲಯವು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಹದಿಮೂರನೆಯ ಶತಮಾನದ ರೂವಾರಿ ಮಲ್ಲಿತಮ್ಮನು ತಾನು ಕೆತ್ತಿದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರನ್ನು ಕೊರೆದಿಟ್ಟಿದ್ದರಿಂದ ಏಳುನೂರಕ್ಕೂ ಮಿಕ್ಕ ವರ್ಷಗಳ ಮೇಲೆ ನಾವು ಅವನನ್ನು ಹೆಸರು ಹಿಡಿದು ಕರೆಯುತ್ತೇವೆ. ಆದರೆ ಅದೇ ತಾಲ್ಲೂಕಿನ ಮನೆಗಳಲ್ಲಿ ಶರತ್ಕಾಲದ ಮಧ್ಯಾಹ್ನಗಳಲ್ಲಿ ಗೆಜ್ಜೆವಸ್ತ್ರ ಮಾಡುವ, ಹೂಬತ್ತಿ ಹೊಸೆಯುವ, ಲಕ್ಷಬತ್ತಿಯ ವ್ರತ ಹಿಡಿದು ಕಾರ್ತಿಕಕ್ಕೆ ಮುಂಚೆ ಬುಟ್ಟಿಬುಟ್ಟಿ ಬತ್ತಿಗಳನ್ನು ಸಿದ್ಧಪಡಿಸುವ ಹೆಂಗಸರ ಕೈಗೆ ಯಾವ ಪೀಠವೂ ಇಲ್ಲ, ಯಾವ ಹೆಸರೂ ಇಲ್ಲ. ಅವರ ಕೃತಿಯು ದೇವರ ಕೊರಳಿಗೇರಿ ಮರುದಿನ ನಿರ್ಮಾಲ್ಯವಾಗುತ್ತದೆ, ಅಥವಾ ಎಣ್ಣೆ ಕುಡಿದು ಉರಿದುಹೋಗುತ್ತದೆ.

ಗೆಜ್ಜೆವಸ್ತ್ರವನ್ನು ಮಾಡುವುದು ನೋಡುವವರಿಗೆ ಸುಲಭವೆಂದು ತೋರುತ್ತದೆ. ಹಿತ್ತಿಲ ಮೂಲೆಯ ಹತ್ತಿಗಿಡದಲ್ಲಿ ಒಡೆದ ಕಾಯಿಯಿಂದ ಅರಳೆಯನ್ನು ಬಿಡಿಸಿ, ಬೀಜಗಳನ್ನು ಒಂದೊಂದಾಗಿ ತೆಗೆದು, ಗಂಟಿಲ್ಲದಂತೆ ಹಿಂಜಿ, ತೆಳುವಾದ ಪಟ್ಟಿಯಾಗಿ ಎಳೆದುಕೊಂಡು, ಬೆರಳತುದಿಗೆ ಚೂರು ವಿಭೂತಿ ಸೋಕಿಸಿ, ಒಂದಿಷ್ಟು ಹೊಸೆದು ಒಂದಿಷ್ಟು ಹೊಸೆಯದೆ ಬಿಡುತ್ತ ಸಾಗಬೇಕು. ಹೊಸೆದ ಭಾಗ ದಾರವಾಗುತ್ತದೆ, ಬಿಟ್ಟ ಭಾಗ ಉಬ್ಬಿಕೊಂಡು ಗೆಜ್ಜೆಯಾಗುತ್ತದೆ. ಗೆಜ್ಜೆ ಗೆಜ್ಜೆಯ ನಡುವೆ ಕುಂಕುಮದ ನೀರಿನ ಬೆರಳಿಟ್ಟರೆ ಕೆಲಸ ಮುಗಿಯಿತು. ಆದರೆ ಎಳೆತ ಸ್ವಲ್ಪ ಹೆಚ್ಚಾದರೆ ಎಳೆ ಹರಿಯುತ್ತದೆ, ಕಡಮೆಯಾದರೆ ಗೆಜ್ಜೆಗಳು ಒಂದರಂತೆ ಒಂದು ಬರುವುದಿಲ್ಲ. ಗಾಳಿ ಬೀಸಿದರೆ ಅರಳೆಯೇ ಹಾರಿಹೋಗುತ್ತದೆ. ಈ ಕೆಲಸವನ್ನು ಬಲ್ಲವರ ಬಳಿ ಕುಳಿತರೆ ಮಾತು ತಾನಾಗಿ ನಿಧಾನವಾಗುವುದನ್ನು ನಾನು ಗಮನಿಸಿದ್ದೇನೆ. ಈಗ ಗ್ರಂಥಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಹೂಬತ್ತಿಯೂ ಗೆಜ್ಜೆವಸ್ತ್ರವೂ ದೊರೆಯುತ್ತವೆ. ಅವುಗಳನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಅವುಗಳಲ್ಲಿ ಎಷ್ಟೋ ಯಾವುದೋ ಬಡ ಮನೆಯ ಹೆಣ್ಣುಮಗಳು ಹೊಟ್ಟೆಪಾಡಿಗಾಗಿ ಹೊಸೆದವು. ಆದರೆ ಮನೆಯಲ್ಲಿ ಬಿಡುವಿರುವ ಕೈಗಳು ಮೊಬೈಲಿನ ಗಾಜನ್ನು ಸವರುತ್ತ ಸಂಜೆಗಳನ್ನು ಕಳೆಯುವಾಗ, ಒಂದು ಮಧ್ಯಾಹ್ನವನ್ನಾದರೂ ಅರಳೆಗೆ ಕೊಡುವುದು ದುಬಾರಿಯಲ್ಲ. ಗಂಡುಮಕ್ಕಳಿಗೂ ಇದನ್ನು ಕಲಿಸತಕ್ಕದ್ದು, ಬೆರಳಿಗೆ ಲಿಂಗಭೇದವಿಲ್ಲ.

ನವರಾತ್ರಿಯ ಗೊಂಬೆಯ ಜೋಡಣೆಯೂ ಇಂತಹದೇ ಒಂದು ಕೌಶಲ. ಪಟ್ಟದ ಗೊಂಬೆಗಳಾದ ರಾಜರಾಣಿಯರನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿ, ಕೆಳಗೆ ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನೂ ಶೆಟ್ಟಿಯ ಅಂಗಡಿಯನ್ನೂ ಅಣಿಗೊಳಿಸಿ, ಮೆಟ್ಟಿಲ ಬುಡದಲ್ಲಿ ತಟ್ಟೆಗೆ ಮಣ್ಣು ಹರವಿ ರಾಗಿ ಚೆಲ್ಲಿ, ಹಬ್ಬದ ದಿನಗಳಿಗೆ ಸರಿಯಾಗಿ ಅದು ಮೊಳೆತು ಹಸಿರು ಹೊಲವಾಗುವಂತೆ ನೀರು ಚಿಮುಕಿಸುವುದು ಹಿಂದಿನಿಂದ ಬಂದ ಪದ್ಧತಿ. ಕಡಲಾಚೆಗೆ ಹೋದ ನಮ್ಮ ಕುಟುಂಬಗಳು ಸಹ ಮೆಂತ್ಯವನ್ನೋ ಸಾಸಿವೆಯನ್ನೋ ಚೆಲ್ಲಿ ಇದನ್ನು ನಡೆಸಿಕೊಂಡು ಬರುತ್ತಿವೆ. ನಮ್ಮ ಮನೆಯ ಪಟ್ಟೆಪಟ್ಟೆ ಕೊತ್ತಿಗೆ ಆ ರಾಗಿಯ ಹೊಲದ ಮೇಲೆ ಸಾರ್ವಭೌಮತ್ವವಿದೆಯೆಂಬ ಭಾವನೆ. ಸಂಜೆ ಮಕ್ಕಳು ಗೊಂಬೆ ಬಾಗಿನಕ್ಕೆ ಬರುವುದಕ್ಕೆ ಮುಂಚೆ, ಮನೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಲೆಯನ್ನು ಓರೆಮಾಡಿ ದವಡೆಯ ಹಲ್ಲಿನಿಂದ ಎಳೆಯ ಪೈರನ್ನು ಒಂದೊಂದಾಗಿ ಕತ್ತರಿಸಿ ತಿಂದು, ಬಳಿಕ ಶೆಟ್ಟಿ ದಂಪತಿಗಳನ್ನು ಬಾಲದಿಂದ ಪಕ್ಕಕ್ಕೆ ಸರಿಸಿ ಎರಡನೆಯ ಮೆಟ್ಟಿಲಿನ ಬಿಳಿಯ ಪಂಚೆಯ ಮೇಲೆ ಅದು ನಿದ್ರೆಹೋಗುತ್ತದೆ. ಮಾಂಸಾಹಾರಿಯಾದ ಪ್ರಾಣಿ ಎಳೆಹುಲ್ಲನ್ನು ಮೇಯುವುದು ಅದರ ಜಾತಿಧರ್ಮವೇ ಆಗಿರುವುದರಿಂದ ಅದನ್ನು ಗದರಿಸಿ ಪ್ರಯೋಜನವಿಲ್ಲ. ತಟ್ಟೆಗಳನ್ನು ಎರಡಿಟ್ಟು ಒಂದನ್ನು ಅದಕ್ಕೆ ಬಿಟ್ಟುಕೊಡುವುದೇ ವಿವೇಕ.

ಬೆಕ್ಕಿನ ವಿಷಯದಲ್ಲಿ ನಮ್ಮ ಜನ ಕೃತಜ್ಞತೆಯಿಲ್ಲದವರು. ಅಡ್ಡಬಂದರೆ ಅಪಶಕುನವೆನ್ನುತ್ತೇವೆ, ಕಣ್ಣುಮುಚ್ಚಿ ಹಾಲು ಕುಡಿಯುವ ಕಳ್ಳನಿಗೆ ಅದನ್ನೇ ಹೋಲಿಸುತ್ತೇವೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಬಳಿಯಲ್ಲಿಯೇ ಬೆಕ್ಕೊಂದನ್ನು ಹೂಳಿದ್ದುದು ಪತ್ತೆಯಾಗಿದೆ. ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬ ಸಂಬಂಧ ಅಷ್ಟು ಹಳೆಯದು. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಈ ತಾಲ್ಲೂಕಿನಲ್ಲಿ, ಮೂಟೆಗಳು ಮನೆಗೆ ಬರುವ ಮುಂಚಿನ ಕಾರ್ತಿಕದಲ್ಲಿ, ಹಿತ್ತಿಲಿನ ಒಣಬಳ್ಳಿಯ ಮರೆಯಲ್ಲಿ ಹೊಂಚುಹಾಕಿ ಕೂರುವ ಕೊತ್ತಿಯು ಸಂಬಳವಿಲ್ಲದ ಕಾವಲುಗಾರ. ಮರಿಹಾಕಿದ ಬೆಕ್ಕು ಏಳು ಮನೆ ತಿರುಗುತ್ತದೆಂದು ಹಿರಿಯರು ಹೇಳುತ್ತಾರೆ; ಹಿತ್ತಿಲುಗಳೆಲ್ಲ ಸಿಮೆಂಟಾದರೆ ಅದು ತಿರುಗುವುದೆಲ್ಲಿಗೆ? ಅದು ಅಳಿಲಿನ ಮರಿಯನ್ನೂ ಪಿಕಳಾರವನ್ನೂ ಹಿಡಿಯುತ್ತದೆಂಬುದು ನಿಜ, ಮುಚ್ಚಿಡುವುದಿಲ್ಲ. ಮುಂಜಾನೆ ಹಕ್ಕಿಗಳು ನೆಲಕ್ಕಿಳಿಯುವ ಹೊತ್ತಿನಲ್ಲಿ ಅದನ್ನು ಒಳಗೆ ಕೂಡಿಹಾಕಿದರೆ ಹಾನಿ ಬಹಳಮಟ್ಟಿಗೆ ಕಡಮೆಯಾಗುತ್ತದೆ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಹಾವಿನ ಭಯವೂ ಸೊಳ್ಳೆಯ ಕಾಟವೂ ಹೊಸವಲ್ಲ. ನಿಂತ ನೀರನ್ನು ಚೆಲ್ಲಿದರೆ, ಗೋಡೆಯ ಅಂಚಿನ ಕಸವನ್ನು ಮಾತ್ರ ತೆಗೆದರೆ, ಇವೆರಡೂ ಹತೋಟಿಯಲ್ಲಿರುತ್ತವೆ. ಮೇಲಾಗಿ ಸಿಮೆಂಟು ಬಳಿದ ಹಿತ್ತಿಲಿನಿಂದ ಅಕ್ಟೋಬರಿನ ಮಳೆಯೆಲ್ಲ ಇಂಗದೆ ಹರಿದು ಬೀದಿಯ ಚರಂಡಿಯನ್ನು ಉಕ್ಕಿಸುವುದನ್ನು ನಾವು ಕಾಣುತ್ತಲೇ ಇದ್ದೇವೆ. ಗಂಭೀರವಾದ ಆಕ್ಷೇಪ ಬೇರೊಂದಿದೆ, ಮತ್ತು ಅದನ್ನು ಹೇಳುವವರು ಹೆಂಗಸರು: ಗುಡಿಸುವವರು ನಾವು, ನೀರು ಹೊರುವವರು ನಾವು, ಹಿತ್ತಿಲಿನ ಸೊಬಗನ್ನು ಕುರಿತು ಪತ್ರಿಕೆಗೆ ಬರೆಯುವವರು ಮಾತ್ರ ಗಂಡಸರು. ಇದಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ, ಇರಬೇಕಾದ್ದೂ ಇಲ್ಲ. ಹಿತ್ತಿಲು ಬೇಕೆನ್ನುವ ಗಂಡಸು ಪೊರಕೆ ಹಿಡಿಯಲಿ. ಆಯುಧಪೂಜೆಯ ದಿನ ವಾಹನಕ್ಕೆ ಕುಂಬಳಕಾಯಿ ಒಡೆಯುವ ಉತ್ಸಾಹದ ಒಂದು ಪಾಲಿನಿಂದ ಗುದ್ದಲಿಗೂ ಕುಡುಗೋಲಿಗೂ ಕುಂಕುಮವಿಟ್ಟು, ಮರುದಿನ ಅವನ್ನು ಕೈಯಲ್ಲಿ ಹಿಡಿಯಲಿ.

ಆದುದರಿಂದ ಈ ಎರಡು ಊರುಗಳ ಗೃಹಸ್ಥರಲ್ಲಿ ನನ್ನ ಬಿನ್ನಹ ಇಷ್ಟೆ. ನೆಲ್ಲಿಯ ಕೊಂಬೆಯನ್ನು ತುಳಸಿಯ ಜೊತೆಗೆ ನೆಟ್ಟು ಪೂಜಿಸುವ ಉತ್ಥಾನದ್ವಾದಶಿಯವರೆಗಾದರೂ ಒಣಗಿದ ಬಳ್ಳಿಯನ್ನು ಚಪ್ಪರದಲ್ಲಿಯೇ ಬಿಡಿ. ಬೀಜ ಬಲಿತ ಮೇಲೆ ಬಿಡಿಸಿಕೊಂಡು, ಕಡ್ಡಿಕಸವನ್ನು ಸುಡದೆ ಬಾಳೆಯ ಬುಡಕ್ಕೆ ಹಾಕಿ. ಹೊಸ ಮನೆ ಕಟ್ಟಿಸುವವರು ಹಿಂಭಾಗದಲ್ಲಿ ಒಂದು ಹತ್ತಿಗಿಡಕ್ಕೂ ಒಂದು ಹೀರೆಯ ಚಪ್ಪರಕ್ಕೂ ಸಾಕಾಗುವಷ್ಟು ಮಣ್ಣನ್ನು ಮುಚ್ಚದೆ ಬಿಡುವಂತೆ ಮೇಸ್ತ್ರಿಗೆ ಮೊದಲೇ ತಿಳಿಸಿ, ಏಕೆಂದರೆ ಸಿಮೆಂಟು ಬಿದ್ದ ಮೇಲೆ ಅದನ್ನು ಒಡೆಸುವವರು ಯಾರೂ ಇಲ್ಲ. ಬೀಜ ಮಿಕ್ಕವರು ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಳಿಯ ಹೆಸರು ಬರೆದು, ಕಾರ್ತಿಕ ಮುಗಿಯುವುದರೊಳಗೆ ನೆರೆಮನೆಗೆ ಕೊಟ್ಟುಬಿಡಿ.