ಗಾಡಿಮನೆಯ ಮಂಚ

ಇಂಗ್ಲೆಂಡಿನಲ್ಲಿರುವ ಮಗಳು, ಅಳಿಯಂದಿರು ಕ್ಯಾರವಾನ್ ಕೊಳ್ಳಬೇಕೆಂದು ಹೊರಟಾಗ ನಾನೂ ಅವರ ಮನೆಯಲ್ಲಿದ್ದೆ. ಕ್ಯಾರವಾನ್ ಎಂದರೆ ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ ಗಾಡಿಮನೆ. ಮಾರಾಟದ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳನ್ನು ಹತ್ತಿ ಇಳಿದು ನನ್ನ ಮಂಡಿ ಸೋತುಹೋಯಿತು. ಪ್ರತಿಯೊಂದರಲ್ಲೂ ಮಾರುವಾತ ನಮ್ಮನ್ನು ನೇರ ಕರೆದೊಯ್ದು ನಿಲ್ಲಿಸುತ್ತಿದ್ದದ್ದು ಹಿಂಭಾಗದ ದೊಡ್ಡ ಮಂಚದ ಎದುರು. ಅದು ಕದಲುವುದಿಲ್ಲ, ಮಡಿಸುವುದಿಲ್ಲ. ಎರಡೂ ಬದಿಗೆ ಓಡಾಡಲು ಜಾಗ, ತಲೆದೆಸೆಯಲ್ಲಿ ಪುಟ್ಟ ದೀಪ. ಮಗಳು ಅದರ ಅಂಚಿನಲ್ಲಿ ಕೂತು ನೋಡಿದಳು. ಅಳಿಯಂದಿರು ಬೂಟು ಕಳಚಿ ಮಲಗಿಯೇ ನೋಡಿದರು. ಏಳು ವರ್ಷದ ಮೊಮ್ಮಗಳು, ಮೂರು ವರ್ಷದ ಮೊಮ್ಮಗ ಎಲ್ಲಿ ಮಲಗುವುದು ಎಂದು ಕೇಳಿದವನು ನಾನೊಬ್ಬನೇ. “ಮುಂದಿನ ಸೋಫಾಗಳೇ ರಾತ್ರಿ ಹಾಸಿಗೆಯಾಗುತ್ತವೆ” ಎಂದು ಆತ ನಕ್ಕ.

ಆ ಮಂಚದ ಮೇಲೆಯೇ ನನ್ನ ಜಗಳ.

ಗಾಡಿಯ ಒಳಗಲ ಸುಮಾರು 7 ಅಡಿ, ಉದ್ದ 18-20 ಅಡಿ. ಅಷ್ಟರಲ್ಲೇ ಒಲೆ, ಫ್ರಿಜ್ಜು, ಪಾಯಖಾನೆ ಎಲ್ಲ ಆಗಬೇಕು. ಇಂಥ ಕಡೆ ಮೂರನೆಯ ಒಂದು ಪಾಲು ಜಾಗವನ್ನು ಹಗಲೆಲ್ಲ ಖಾಲಿ ಬಿದ್ದಿರುವ ಮಂಚಕ್ಕೆ ಕೊಡುವುದು ಎಂಥ ವಿವೇಕ? ಇಬ್ಬರೇ ತಿರುಗುವ ನಿವೃತ್ತ ದಂಪತಿಗಳಾದರೆ ಕೊಡಲಿ, ನನ್ನದೇನೂ ತಕರಾರಿಲ್ಲ. ಚಿಕ್ಕ ಮಕ್ಕಳಿರುವವರಿಗೆ ಅದನ್ನು ತೋರಿಸುವುದೇ ತಪ್ಪು.

“ಅಪ್ಪಾ, ಮಕ್ಕಳು ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ ಬಿಡಿ” ಎಂದಳು ಮಗಳು. ಇದು ದೊಡ್ಡವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಮಾತು. ಪುಣ್ಯಕ್ಕೆ, ಕೊಳ್ಳುವ ಮೊದಲು ಅದೇ ನಮೂನೆಯದೊಂದನ್ನು ಒಂದು ವಾರ ಬಾಡಿಗೆಗೆ ತಂದು ಲೇಕ್ ಡಿಸ್ಟ್ರಿಕ್ಟಿಗೆ ಹೋದೆವು. ನನಗೆ ಮಾತ್ರ ಹತ್ತಿರದ ತಂಗುಮನೆಯಲ್ಲಿ ಒಂದು ಕೋಣೆ. ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜನವಸತಿ ಎಂದು ಹೆಸರಾದ ಸೀತ್‌ವೇಟ್ ಎಂಬ ಹಳ್ಳಿ ಇರುವುದು ಆ ಸೀಮೆಯಲ್ಲೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ. ಆಗುಂಬೆಯ ಮಳೆ ಕಂಡವನಿಗೆ ಅದು ದೊಡ್ಡದಲ್ಲ. ಆದರೆ ಆಗುಂಬೆಯಲ್ಲಿ ಕೂರಲು ಜಗಲಿ ಇರುತ್ತದೆ.

ಜೂನ್ ತಿಂಗಳು. ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಮುಕ್ಕಾಲರ ಹೊತ್ತಿಗೆ. ಮಕ್ಕಳನ್ನು ಎಂಟಕ್ಕೆ ಮಲಗಿಸಬೇಕು. ಅವರ ಹಾಸಿಗೆಯೋ, ನಾವು ಊಟ ಮಾಡಿದ ಸೋಫಾ. ಸರಿ, ತಟ್ಟೆ ಎತ್ತು, ಮೇಜು ಮಡಿಸು, ಒರಗುದಿಂಬು ಜೋಡಿಸು, ಪರದೆ ಎಳೆ. ಇಷ್ಟಾಗುವಾಗ ಚಿಕ್ಕವನಿಗೆ ಬಂದಿದ್ದ ನಿದ್ದೆ ಹೋಗಿ ಕುಣಿತ ಶುರುವಾಗುತ್ತಿತ್ತು. ಕೊನೆಗೆ ಮಲಗಿದರೆನ್ನಿ. ಆಮೇಲೆ ದೊಡ್ಡವರೆಲ್ಲಿ ಕೂರಬೇಕು? ಮಗಳು ಹಿಂದಿನ ಘನವಾದ ಮಂಚದ ಮೇಲೆ ದೀಪ ಆರಿಸಿ ಸುಮ್ಮನೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಮಾವ, ಅಳಿಯ ಇಬ್ಬರೂ ಮಳೆಯಲ್ಲಿ ನಿಂತ ಕಾರಿನೊಳಗೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು. ಮೂರನೆಯ ರಾತ್ರಿ ಗಂಡ ಹೆಂಡಿರಿಗೆ ಪಿಸುಮಾತಿನಲ್ಲೇ ಜಗಳವಾಯಿತು. ಪಿಸುಮಾತಿನ ಜಗಳ ಗಟ್ಟಿಜಗಳಕ್ಕಿಂತ ಕೆಟ್ಟದ್ದು, ಅದು ಮುಗಿಯುವುದೇ ಇಲ್ಲ.

ನಮ್ಮ ಮಲೆನಾಡಿನ ಮನೆಯಲ್ಲಿ ದೊಡ್ಡವರಿಗೆ ಮಂಚವಿರಲಿಲ್ಲ. ಬೆಳಿಗ್ಗೆ ಹಾಸಿಗೆ ಸುತ್ತಿ ಮೂಲೆಗಿಟ್ಟರೆ ಮಲಗುವ ನಡುಮನೆಯೇ ಉಣ್ಣುವ ನಡುಮನೆ. ಕದಲದೆ ಇದ್ದದ್ದು ತೊಲೆಗೆ ಕಟ್ಟಿದ ತೊಟ್ಟಿಲು ಮಾತ್ರ. ಮಗುವಿಗೆ ನಿದ್ದೆ ಬಂದ ಗಳಿಗೆಗೆ ಜಾಗ ಸಿದ್ಧವಿರಬೇಕು, ದೊಡ್ಡವರು ಕಾಯಬಲ್ಲರು ಎಂಬುದು ಆ ಮನೆಯ ಲೆಕ್ಕ. ಅಂಗಳದ ಆ ಮಾರಾಟಗಾರ ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದ.

ಸರಿಯಾದ ನಮೂನೆ ಇಲ್ಲದೆಯೂ ಇಲ್ಲ. ಹಿಂಭಾಗದ ಒಂದು ಮೂಲೆಗೆ ಒಂದರ ಮೇಲೊಂದು ಮಕ್ಕಳ ಮಂಚ, ಪಕ್ಕದ ಮೂಲೆಗೆ ಪಾಯಖಾನೆ. ನಡುವೆ ಅಡುಗೆ ಮತ್ತು ಎದುರಿಗೆ ಪುಟ್ಟ ಮೇಜು. ಮುಂದೆ ಎದುರುಬದುರು ಸೋಫಾ, ರಾತ್ರಿ ಅವುಗಳ ನಡುವೆ ಹಲಗೆ ಎಳೆದರೆ ಅಪ್ಪ ಅಮ್ಮನ ಹಾಸಿಗೆ. ಅರ್ಧರಾತ್ರಿ ಉಚ್ಚೆಗೆ ಎದ್ದ ಮಗು ಯಾರನ್ನೂ ತುಳಿಯದೆ ಎರಡೇ ಹೆಜ್ಜೆಯಲ್ಲಿ ಹೋಗಿ ಬರುತ್ತದೆ. ಮಳೆಯ ದಿನ ಒಬ್ಬಳು ಮೇಲೆ ಪುಸ್ತಕ ಹಿಡಿದು, ಒಬ್ಬ ಕೆಳಗೆ ಕಾರು ಓಡಿಸಿಕೊಂಡು ಇರಬಹುದು. ಮೇಲಿನ ಮಂಚಕ್ಕೆ ಆರು ವರ್ಷದೊಳಗಿನ ಮಗುವನ್ನು ಹತ್ತಿಸಬಾರದು. ಮೇಲೆ ಅಡ್ಡಪಟ್ಟಿ ಎತ್ತರವಾಗಿದೆಯೇ ಎಂದು ಅಲುಗಿಸಿ ನೋಡಬೇಕು.

ಒಂದು ಅಪಾಯವನ್ನು ಮುಚ್ಚಿಡಲಾರೆ. ಹಗಲು ಖಾಲಿ ಕಾಣುವ ಆ ಮಂಚಗಳ ಮೇಲೆ ಸೈಕಲ್ಲು, ಚೀಲ, ಆಟಿಕೆ ಎಲ್ಲ ತುಂಬುವ ಆಸೆಯಾಗುತ್ತದೆ. ಹಿಂದೆ ಭಾರ ಹೆಚ್ಚಾದರೆ ಗಾಡಿ ರಸ್ತೆಯಲ್ಲಿ ಹಾವಿನಂತೆ ಹೊರಳಿ ಕಾರನ್ನೂ ಎಳೆದಾಡುತ್ತದೆ. ಭಾರವೆಲ್ಲ ಅಚ್ಚಿನ ಮೇಲೆ, ತಳದಲ್ಲಿರಬೇಕು. 1997ರ ಬಳಿಕ ಪರವಾನಗಿ ಪಡೆದವರು ಭಾರದ ಗಾಡಿ ಎಳೆಯಲು ಬೇರೆ ಪರೀಕ್ಷೆ ಕೊಡಬೇಕೆಂಬ ನಿಯಮ 2021ರ ಡಿಸೆಂಬರಿನಲ್ಲಿ ಅಲ್ಲಿ ರದ್ದಾಯಿತು. ಈಗ 3,500 ಕಿಲೋವರೆಗೆ ಎಳೆಯಬಹುದು. ನಮ್ಮ ಮಾರಾಟಗಾರ ಇದನ್ನು ಹೇಳಿಯೇ ದೊಡ್ಡ ಮಂಚದ ಉದ್ದ ಗಾಡಿಯತ್ತ ನಮ್ಮನ್ನು ತಳ್ಳುತ್ತಿದ್ದ. ಹೊಸಬರು ಕಾರಿನ ತೂಕದ ನೂರಕ್ಕೆ 85 ಪಾಲು ಮೀರಬಾರದೆಂಬ ಹಳೆಯ ಬುದ್ಧಿಮಾತು ಅವನ ಬಾಯಲ್ಲಿ ಬರಲಿಲ್ಲ.

ಮಕ್ಕಳು ಬೆಳೆದ ಮೇಲೆ ಆ ಪುಟ್ಟ ಮಂಚ ಸಾಲದೆಂಬ ಆಕ್ಷೇಪ ನಿಜ. ಆಗ ಮಾರಿ ಬೇರೆ ಕೊಳ್ಳಲಿ. ದಿನಾ ಹಾಸಿಗೆ ಜೋಡಿಸುವ ರೇಜಿಗೆಯೂ ನಿಜ, ಬೆನ್ನುನೋವಿದ್ದವರಿಗಂತೂ ಕಷ್ಟವೇ. ಆದರೆ ಅದು ಹತ್ತು ನಿಮಿಷದ ಕೆಲಸ, ಮಾಡುವವರು ವಯಸ್ಕರು.

ಕೊನೆಗೆ ಅವರು ಕೊಂಡದ್ದು ಮಕ್ಕಳ ಮಂಚವಿರುವ ಹಳೆಯ ಗಾಡಿಯನ್ನೇ. ರಾತ್ರಿ ಹತ್ತಕ್ಕೆ ಹಲಗೆ ಎಳೆಯುವಾಗ ಅಳಿಯಂದಿರು ಈಗಲೂ ನನ್ನ ಹೆಸರು ಹಿಡಿದು ಗೊಣಗುತ್ತಾರಂತೆ. ಗಟ್ಟಿಯಾಗಿಯೇ ಗೊಣಗುತ್ತಾರೆ, ಮಕ್ಕಳು ಏಳುವುದಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಳು.